ಲ್ಯಾಪ್‌ಟಾಪಿಗೆ ಸಿಕ್ಕ ಸೀಟು

ನಮ್ಮ ಆಫೀಸು ಮಂಡ್ಯದಲ್ಲಿ, ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ನಾವು ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಊರಿನವರು ಬೆಳಗ್ಗೆ ತಂದು ಸುರಿದ ಹಾಲಿನಲ್ಲಿ ಕೊಬ್ಬೆಷ್ಟು, ನೀರೆಷ್ಟು ಎಂದು ಅಳೆಯುವ ಒಂದು ಯಂತ್ರವಿರುತ್ತದಲ್ಲ, ಅದರ ಬಾಯಿಂದ ಮಾತಾಡಿಸುವವರು ನಾವೇ. ನೀರು ಬೆರೆಸಿದವರು ನಮ್ಮನ್ನು ಬೈಯುತ್ತಾರೆ, ಬೆರೆಸದವರು ಯಂತ್ರವನ್ನು ಬೈಯುತ್ತಾರೆ. ಎಂಟು ಜನ ಡೆವಲಪರುಗಳು, ಎಂಟು ಲ್ಯಾಪ್‌ಟಾಪು, ಒಬ್ಬರು ಯಜಮಾನರು, ಒಂದು ಹಸಿರು ಕಬ್ಬಿಣದ ಬೀರು. ಇಷ್ಟೇ ನಮ್ಮ ಕಂಪನಿ.

ಈ ಬೀರು ಯಾರದೋ ಮನೆಯಲ್ಲಿ ರೇಷ್ಮೆ ಸೀರೆ ಕಾಯ್ದು, ವಯಸ್ಸಾದ ಮೇಲೆ ನಮ್ಮಲ್ಲಿಗೆ ಬಂದದ್ದು. ಒಳಗಿನ ನುಸಿಗುಳಿಗೆ ವಾಸನೆ ಇನ್ನೂ ಹೋಗಿರಲಿಲ್ಲ. ಸಂಜೆ ಐದೂವರೆಗೆ ಯಜಮಾನರು ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಅದರ ಮುಂದೆ ನಿಲ್ಲುತ್ತಿದ್ದರು. ನಾವು ಒಬ್ಬೊಬ್ಬರಾಗಿ ಹೋಗಿ ನಮ್ಮ ನಮ್ಮ ಲ್ಯಾಪ್‌ಟಾಪನ್ನು ಒಳಗಿಡಬೇಕು. ಅವರು ಎಂಟರವರೆಗೆ ಗಟ್ಟಿಯಾಗಿ ಎಣಿಸಿ, ಬೀಗ ಹಾಕಿ, ಹಾಕಿದ ಬೀಗವನ್ನು ಎರಡು ಸಲ ಜಗ್ಗಿ ನೋಡುತ್ತಿದ್ದರು. ಬೆಳಗ್ಗೆ ನಾವು ಕೋಡು ಬರೆಯಲು ಕೂತರೆ ಕೀಲಿಮಣೆಯಿಂದ ಮದುವೆಮನೆ ವಾಸನೆ ಬರುತ್ತಿತ್ತು.

ಸಾಫ್ಟ್‌ವೇರ್‌ನವರು ಆಫೀಸಿನ ಲ್ಯಾಪ್‌ಟಾಪನ್ನು ಮನೆಗೆ ತರುತ್ತಾರೋ ಇಲ್ಲವೋ ಎಂಬುದು ಮಳವಳ್ಳಿಯ ನಮ್ಮ ಬೀದಿಯಲ್ಲಿ ಯಾವತ್ತೋ ಇತ್ಯರ್ಥವಾಗಿದ್ದ ವಿಷಯ. ತರುತ್ತಾರೆ. ತರದವರು ಸಾಫ್ಟ್‌ವೇರ್‌ನವರಲ್ಲ. ಎದುರುಮನೆಯಾಕೆಯ ಅಳಿಯ ನಾಮಕರಣದ ಊಟಕ್ಕೆ ಕೂತಾಗಲೂ ಎಲೆಯ ಪಕ್ಕ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಪಾಯಸ ತಿಂದವನು. ನಾನು ಮೂರು ವರ್ಷದಿಂದ ಬರೀ ಊಟದ ಡಬ್ಬಿ ಚೀಲ ಹಿಡಿದು ಬಸ್ಸಿಳಿಯುವುದನ್ನು ನೋಡಿ ಆಕೆಗೆ ಅನುಮಾನ.

"ನಿಜ ಯೋಳವ್ವ, ನೀನು ಅಲ್ಲಿ ಅಡುಗೆ ಕೆಲ್ಸಕ್ಕೆ ಓಗದಲ್ವಾ?" ಎಂದು ಒಂದು ದಿನ ಬಹಳ ಮೆಲ್ಲಗೆ, ಬಹಳ ಪ್ರೀತಿಯಿಂದ ಕೇಳಿದ್ದರು. "ಏನ್ ತಪ್ಪಿಲ್ಲ ಬುಡು. ದುಡ್ದು ತಿನ್ನಾದ್ರಲ್ಲಿ ನಾಚ್ಕೆ ಯಾಕೆ?"

ನನಗೆ ನಗು ಬಂದರೆ ತಡೆಯುವ ಶಕ್ತಿ ಇಲ್ಲ. ಅವತ್ತು ಅವರ ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಕೆ ಅದನ್ನು ಒಪ್ಪಿಗೆ ಎಂದುಕೊಂಡರು.

ಆದರೆ ನನಗೆ ಲ್ಯಾಪ್‌ಟಾಪು ಮನೆಗೆ ಬೇಕಾಗಿದ್ದದ್ದು ಬೀದಿಯವರಿಗೆ ತೋರಿಸುವುದಕ್ಕಲ್ಲ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಗಂಡ ಮಳವಳ್ಳಿಯಲ್ಲೇ ಹೈಸ್ಕೂಲು ಮೇಷ್ಟ್ರು. ನಾಲ್ಕೂವರೆಗೆ ಮನೆಗೆ ಬಂದು, ಎರಡು ಲೋಟ ಟೀ ಮಾಡಿ, ಎರಡನ್ನೂ ತಾನೇ ಕುಡಿಯುತ್ತಿದ್ದ. ನಾನು ಮಂಡ್ಯದಿಂದ ಮದ್ದೂರಿನ ಮೇಲೆ ಸುತ್ತಿಕೊಂಡು ಎಂಟು ಗಂಟೆಗೆ ಮುಟ್ಟುತ್ತಿದ್ದೆ. ಬೆಳಗ್ಗೆ ಮತ್ತೆ ಏಳಕ್ಕೆ ಬಸ್ಸು. ಬೇರೆ ಹೊಸ ಜೋಡಿಗಳಿಗೆ ಆಷಾಢ ಒಂದು ತಿಂಗಳು, ನಮಗೆ ವರ್ಷವಿಡೀ ಆಷಾಢ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟರೆ ಸಾಕಿತ್ತು. ನನಗೆ ನನ್ನ ಗಂಡನ ಮುಖವನ್ನು ಹಗಲಿನ ಬೆಳಕಿನಲ್ಲಿ ನೋಡಬೇಕಿತ್ತು, ಇಷ್ಟೇ.

ಉಳಿದ ಏಳು ಜನರಿಗೂ ಒಂದೊಂದು ಕಾರಣವಿತ್ತು. ಒಬ್ಬಳಿಗೆ ಎಂಟು ತಿಂಗಳ ಕೂಸು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಊಟದ ಹೊತ್ತಿನಲ್ಲಿ ಮಾತಾಗಿ, ಏಳೂ ಮುಖಗಳು ನನ್ನ ಕಡೆ ತಿರುಗಿದವು. ಬಾಯಿ ಜಾಸ್ತಿ ಇದ್ದವರಿಗೆ ಇಂಥ ಗೌರವಗಳು ಸಿಗುತ್ತವೆ.

ನಾನು ಹೋಗಿ ಕೇಳಿದೆ. ಯಜಮಾನರು ಶಿವಪುರದ ಕಡೆಯವರು, ಐವತ್ತು ದಾಟಿದವರು, ಮಾತಿನಲ್ಲಿ ಒಂದು ಚೂರೂ ಬೆಣ್ಣೆ ಇಲ್ಲದವರು.

"ಬಾಕ್ಲಿಂದ ಆಚೆ ಓದ ಸಾಮಾನು ಓದಂಗೇ ವಾಪಸ್ ಬತ್ತದೆ ಅನ್ನೋ ನಂಬ್ಕೆ ನಂಗಿಲ್ಲ ಕಣಮ್ಮ," ಎಂದರು.

"ಒಂದು ಸಲ ಕೊಟ್ಟು ನೋಡಿ ಸಾರ್."

ಅವರು ಬೀರುವಿನ ಕಡೆಗೊಮ್ಮೆ ನೋಡಿದರು. "ಸರಿ. ಇವತ್ತೊಂದು ರಾತ್ರಿ ತಗಂಡೋಗು. ನಾಳೆ ಒಂಬತ್ತೂವರೆಗೆ ಇದೇ ಮೇಜಿನ ಮೇಲೆ ಇರ್ಬೇಕು. ನೆಟ್ಟಗೆ ಬಂದ್ರೆ ಎಂಟು ಜನಕ್ಕೂ ವಾರಕ್ಕೆ ಎರಡು ದಿನ ಮನೆ. ಏನಾರ ಎಡವಟ್ಟಾಯ್ತೋ, ಈ ಮಾತ್ನ ಇನ್ಯಾರೂ ಎತ್ಕೂಡದು."

ಆ ಸಂಜೆ ಬೀರುವಿನ ಮುಂದೆ ಅವರು ಏಳರವರೆಗೆ ಮಾತ್ರ ಎಣಿಸಿ ನಿಲ್ಲಿಸಿದರು. ನಿಲ್ಲಿಸುವಾಗ ಅವರ ಮುಖ ನೋಡಬೇಕಿತ್ತು. ಕೂಸಿನ ತಾಯಿ ಮೆಟ್ಟಿಲವರೆಗೆ ಬಂದು ನನ್ನ ಹೆಗಲ ಮೇಲಿನ ಚೀಲ ಸವರಿದಳು. ಇನ್ನೊಬ್ಬ ಗೆಳೆಯ ಬೀದಿಯವರೆಗೂ ಬಂದ. ಅವನು ನಮ್ಮಲ್ಲಿ ಟೆಸ್ಟಿಂಗ್ ಮಾಡುವವನು, ಅಂದರೆ ನಾವು ಬರೆದದ್ದನ್ನೆಲ್ಲ ಒಡೆದು ತೋರಿಸುವುದೇ ಅವನ ಕೆಲಸ. ಮಂಡ್ಯ ಪೇಟೆಯ ಮುಸ್ಲಿಂ ಮನೆತನದವನು, ಅವನ ಅಣ್ಣನ ಗ್ಯಾರೇಜು ಬಸ್ ನಿಲ್ದಾಣದ ಹಿಂದೆಯೇ ಇದೆ.

"ಏನಾರ ಒಡೀಬೇಕು ಅಂದ್ರೆ ನಾನಿವ್ನಿ," ಎಂದ. "ಇವತ್ತೊಂದಿನ ನೀನ್ ಒಡೀಬ್ಯಾಡ."

ಇಲ್ಲಿ ನಮ್ಮ ಕಡೆಯ ಬಸ್ಸಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಬಸ್ಸಿಗೆ ಹೋಗುವುದೆಂದರೆ ಎರಡು ಬೇರೆ ಬೇರೆ ಕೆಲಸ. ಒಂದು, ಸೀಟು ಹಿಡಿಯುವುದು. ಇನ್ನೊಂದು, ಹತ್ತುವುದು. ಬಸ್ಸು ನಿಲ್ದಾಣಕ್ಕೆ ತಿರುಗುತ್ತಿರುವಾಗಲೇ ಜನ ಜೊತೆಜೊತೆಗೆ ಓಡುತ್ತಾ ಕಿಟಕಿಯೊಳಗೆ ಟವೆಲ್ಲೋ, ಚೀಲವೋ, ಚಪ್ಪಲಿಯೋ ಎಸೆಯುತ್ತಾರೆ. ಅದು ಬಿದ್ದ ಸೀಟು ಅವರದ್ದು. ಆಮೇಲೆ ನಿಧಾನವಾಗಿ ಹತ್ತಿ ಬಂದು ಕೂರಬಹುದು. ಇದಕ್ಕೆ ಕಾಗದ ಪತ್ರ ಏನೂ ಇಲ್ಲ, ಆದರೆ ಹೊಲದ ಬದುವಿಗೆ ಇಲ್ಲದ ಮರ್ಯಾದೆ ಇದಕ್ಕಿದೆ. ಈ ವಿದ್ಯೆಯಲ್ಲಿ ನಾನು ಪಳಗಿದವಳು. ಮೂರು ವರ್ಷ ದಿನಾ ಸಂಜೆ ನನ್ನ ಊಟದ ಡಬ್ಬಿ ಚೀಲವನ್ನು ಎಸೆದೆಸೆದು, ಓಡುವ ಬಸ್ಸಿನ ಮೂರನೇ ಕಿಟಕಿಗೆ ಬಲಗೈಯಿಂದ ಗುರಿ ತಪ್ಪದೆ ಹಾಕುತ್ತಿದ್ದೆ. ಕಂಡಕ್ಟರುಗಳೇ ತಲೆದೂಗಿದ್ದುಂಟು.

ಮುಂದಿನದು ನೀವೇ ಊಹಿಸಿರುತ್ತೀರಿ.

ಎಡಗೈಯಲ್ಲಿ ಡಬ್ಬಿ ಚೀಲ, ಬಲಗೈಯಲ್ಲಿ ಲ್ಯಾಪ್‌ಟಾಪ್ ಚೀಲ. ಆರತಿ ತಟ್ಟೆ ಹಿಡಿದವಳ ಹಾಗೆ ನಿಲ್ದಾಣದವರೆಗೆ ನಡೆದು ಬಂದಿದ್ದೆ. ಮಳವಳ್ಳಿ ಬಸ್ಸು ತಿರುಗಿತು. ಜನ ಓಡಿದರು, ನಾನೂ ಓಡಿದೆ. ಮೂರನೇ ಕಿಟಕಿ ಬಂತು, ಗಾಜು ಸರಿದಿತ್ತು, ಬಲಗೈ ಎದ್ದಿತು. ಅದು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಎಂಥ ಎಸೆತ ಎನ್ನುತ್ತೀರಿ! ಕಿಟಕಿಯ ಅಂಚಿಗೂ ತಗುಲದೆ ನೇರ ಒಳಗೆ.

ನನ್ನ ಗುರಿಗೆ ನಾನೇ ಮೆಚ್ಚಿಕೊಂಡೆ. ಆಮೇಲೆ, ಉಳಿದ ಚೀಲವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಪಕ್ಕಕ್ಕೆ ಸರಿದು ನಿಂತೆ. ಬಾಗಿಲ ಬಳಿ ಹೆಂಗಸರ ನೂಕಾಟ ಜೋರಾಗಿತ್ತು. ಈ ಗುದ್ದಾಟದಲ್ಲಿ ಲ್ಯಾಪ್‌ಟಾಪಿಗೆ ಗೀರು ಬಿದ್ದೀತು, ಎಲ್ಲರೂ ಹತ್ತಲಿ, ಸೀಟಂತೂ ನಮ್ಮದೇ ಎಂದು ಬುದ್ಧಿವಂತೆಯಾಗಿ ಕಾದೆ. ಎಲ್ಲರೂ ಹತ್ತಿದರು. ಎಲ್ಲರ ಮೇಲೆ ಇನ್ನೂ ಹತ್ತು ಜನ ಹತ್ತಿದರು. ಕಂಡಕ್ಟರು ಸೀಟಿ ಊದಿದ, ಬಾಗಿಲು ಹೇಗೋ ಮುಚ್ಚಿಕೊಂಡಿತು, ಬಸ್ಸು ಹೊರಟೇಬಿಟ್ಟಿತು.

ಆಗಲೂ ನನಗೆ ಗಾಬರಿಯಿಲ್ಲ! ಹೋದರೆ ಊಟದ ಡಬ್ಬಿ ಹೋಯಿತು, ಲ್ಯಾಪ್‌ಟಾಪು ನನ್ನ ಎದೆಯ ಮೇಲೆ ಭದ್ರವಾಗಿದೆ, ಮುಂದಿನ ಬಸ್ಸಿಗೆ ಹೋದರಾಯಿತು ಎಂದುಕೊಂಡೆ. ನನ್ನ ಮೊಸರನ್ನದ ಡಬ್ಬಿ ಒಂಟಿಯಾಗಿ ಮಳವಳ್ಳಿಗೆ ಹೋಗುವುದನ್ನು ನೆನೆದು ನಗು ಕೂಡ ಬಂತು. ನಕ್ಕ ಅಲುಗಾಟಕ್ಕೆ ಎದೆಯ ಹತ್ತಿರ ಏನೋ ಟಿಣ್ ಎಂದಿತು. ಲ್ಯಾಪ್‌ಟಾಪಿನಲ್ಲಿ ಚಮಚ ಇರುವುದಿಲ್ಲ.

ಗೆಳೆಯನಿಗೆ ಫೋನು ಮಾಡಿದೆ.

"ಲ್ಯಾಪ್‌ಟಾಪು ಬಸ್ ಅತ್ಕಂಡು ಓಯ್ತು ಕಣ್ಲಾ."

"ನೀನು?"

"ನಾನು ಇಲ್ಲೇ ಇವ್ನಿ."

ಅವನು ಫೋನಿಟ್ಟ. ಆಮೇಲೆ ಗ್ಯಾರೇಜಿನ ಕಡೆಯಿಂದ ಒಂದು ಮೊಪೆಡ್ಡಿನ ಸದ್ದು ಕೇಳಿಸಿತು, ಸದ್ದಿನ ಹಿಂದೆ ಅವನು ಬಂದ. ಗಾಡಿ ಯಾರೋ ಗಿರಾಕಿಯದು, ರಿಪೇರಿ ಅರ್ಧ ಆಗಿತ್ತು.

"ಆರ್ನ್ ಇಲ್ಲ, ವೈರ್ ಬಿಚ್ಚವ್ನೆ ಅಣ್ಣ. ಅಡ್ಡ ಬಂದೋರಿಗೆ ನೀನೇ ಕೂಗು."

"ಬ್ರೇಕು?"

"ಐತೆ. ಒಂದು."

ದೊಡ್ಡ ಹೆದ್ದಾರಿಗೆ ದ್ವಿಚಕ್ರದವರನ್ನು ಬಿಡುವುದಿಲ್ಲ. ಪಕ್ಕದ ರಸ್ತೆಯಲ್ಲೇ ಹೊರಟೆವು. ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆ ತುಂಬ ಹರಡಿಕೊಂಡು ಹೋಗುತ್ತಿತ್ತು. ನಾನು ಹಿಂದೆ ಕೂತು "ಪೋಂ! ಪೋಂಪೋಂ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಟ್ರ್ಯಾಕ್ಟರಿನವನು ತಿರುಗಿ ನೋಡಿ, ಡಬ್ಬಿ ಚೀಲ ತಬ್ಬಿಕೊಂಡು ಹಾರ್ನು ಹೊಡೆಯುತ್ತಿರುವ ಹೆಂಗಸನ್ನು ಕಂಡು, ತಾನೂ ಬಾಯಲ್ಲೇ "ಪೋಂ" ಎಂದು ದಾರಿ ಬಿಟ್ಟ. ಅಲ್ಲಿಂದ ನನಗೆ ಶುರುವಾದ ನಗು ನಿಲ್ಲಲೇ ಇಲ್ಲ. ಒಂದು ಮೇಕೆ ಹಿಂಡಿಗೆ ಪೋಂ, ಒಂದು ಸೀಮೆಹಸುವಿಗೆ ಪೋಂ, ರಸ್ತೆ ಮಧ್ಯೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ ಪುಣ್ಯಾತ್ಮನಿಗೆ ದೊಡ್ಡ ಪೋಂ.

"ನಗ್ತಾ ಇದೀಯಲ್ಲಾ ನೀನು!" ಗೆಳೆಯ ಮುಂದಿನಿಂದ ಕಿರುಚಿದ. "ಎಂಟು ಜನ್ರ ಬಾಳು ಬಸ್ಸಲ್ಲಿ ಓಯ್ತಾ ಐತೆ, ನಿಂಗೆ ನಗ!"

ಅಷ್ಟರಲ್ಲಿ ಗಂಡನ ಫೋನು. "ಬಸ್ ಸಿಕ್ತಾ?"

"ಸಿಗ್ತಾ ಐತೆ," ಎಂದೆ.

"ಗಾಳಿ ಸದ್ದು ಬತ್ತಾ ಇದೆ. ಕಿಟಕಿ ಸೀಟಾ?"

ಕಿಟಕಿ ಸೀಟು ಹೌದು, ಆದರೆ ನನಗಲ್ಲ ಎಂದು ಹೇಳಲಾಗದೆ ಫೋನಿಟ್ಟೆ. ಗೆಜ್ಜಲಗೆರೆ ದಾಟಿದ ಮೇಲೆ ನಗು ತಾನಾಗಿಯೇ ನಿಂತು, ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು. ಬಸ್ಸಿನಲ್ಲಿ ಯಾರೋ ಎತ್ತಿಕೊಂಡು ಇಳಿದಿದ್ದರೆ? ಕೆಳಗೆ ಬಿದ್ದು ತುಳಿದಾಡಿದ್ದರೆ? ಬೆಳಗ್ಗೆ ಯಜಮಾನರು "ನಾನ್ ಯೋಳ್ನಿಲ್ವಾ" ಎನ್ನುವ ಮುಖ ಕಣ್ಣಿಗೆ ಬಂತು. ಕೂಸಿನ ತಾಯಿಯ ಮುಖವೂ ಬಂತು. ಬರೀ ನನ್ನದಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು, ಇನ್ನೂ ಏಳು ಜನರದ್ದನ್ನು ಸೇರಿಸಿ ಎಸೆದಿದ್ದೆನಲ್ಲ. ನಿಜ ಹೇಳುತ್ತೇನೆ, ಅವತ್ತು ಮೊಪೆಡ್ಡಿನ ಹಿಂದೆ ಕೂತು ಅತ್ತೆ. ನಡುನಡುವೆ ಪೋಂ ಕೂಡ ಅನ್ನುತ್ತಿದ್ದೆ, ಏಕೆಂದರೆ ಬೇರೆ ಹಾರ್ನು ಇರಲಿಲ್ಲ.

ಮದ್ದೂರು ನಿಲ್ದಾಣದಲ್ಲಿ ಬಸ್ಸು ನಿಂತಿತ್ತು. ಮೊಪೆಡ್ಡು ನಿಲ್ಲುವ ಮೊದಲೇ ಇಳಿದು ಓಡಿದೆ. ಗೆಳೆಯ ಅದರ ಒಂದೇ ಬ್ರೇಕಿನ ಜೊತೆ ಇನ್ನೂ ಹೆಣಗುತ್ತಿದ್ದ. ಮುಂದಿನ ಬಾಗಿಲಿನಿಂದ ನುಗ್ಗಿ, ಯಾರ್ಯಾರದೋ ಮೊಣಕೈ ಕೆಳಗೆ ತೂರಿ, ಮೂರನೇ ಸೀಟಿನ ಹತ್ತಿರ ತಲೆ ಎತ್ತಿದೆ.

ಬಸ್ಸಿನ ತುಂಬ ಜನ ನಿಂತಿದ್ದರು. ಕಂಬಿಗೆ ಕೈ ಸಿಗದವರು ಪಕ್ಕದವರ ಹೆಗಲು ಹಿಡಿದಿದ್ದರು. ಆದರೆ ಮೂರು ಜನರ ಆ ಸೀಟಿನಲ್ಲಿ ಇಬ್ಬರೇ ಹೆಂಗಸರು ಕೂತಿದ್ದರು. ಕಿಟಕಿ ಪಕ್ಕದ ಜಾಗದಲ್ಲಿ, ನೆಟ್ಟಗೆ ಬೆನ್ನಿಗೆ ಒರಗಿ, ಗಾಳಿ ತೆಗೆದುಕೊಳ್ಳುತ್ತಾ ನನ್ನ ಲ್ಯಾಪ್‌ಟಾಪು ಕೂತಿತ್ತು.

"ಅದು ನಂದು," ಎಂದೆ. ಗಂಟಲಲ್ಲಿ ಪೋಂ ಹೋಗಿ ಗೊಗ್ಗರು ಮಾತ್ರ ಉಳಿದಿತ್ತು.

ಸೀಟಿನ ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ತಿರುಗಿ ನೋಡಿದರು. ಅರವತ್ತೈದು ಇರಬಹುದು. ಕಾಲ ಬುಡದಲ್ಲಿ ಒಂದು ಸಣ್ಣ ಮೂಟೆ.

"ಬಂದ್ಯಾ? ಎಲ್ಲಿ ಸಿಗಾಕಂಡಿದ್ದೆ ಇಷ್ಟೊತ್ತು? ಕಂಡಕ್ಟ್ರು ಮೂರ್ ಸತಿ ಕೇಳ್ದ, ಯಾರ್ದು ಯಾರ್ದು ಅಂತ. ಇಂದುಗಡೆಯಿಂದ ಯಾರೋ ಅಂದ್ರು, ಇಲ್ಲೇ ಅವ್ರೆ, ಮುಂದ್ಕೆ ಬರಾಕಾಯ್ತಿಲ್ಲ ಅಂತ. ನೀನೇ ಅಲ್ವಾ?"

ನಾನು ಹಿಂದುಗಡೆ ಇದ್ದದ್ದು ನಿಜವೇ. ಬಸ್ಸಿನ ಹಿಂದುಗಡೆ, ಮೊಪೆಡ್ಡಿನ ಮೇಲೆ. ಇಡೀ ಬಸ್ಸು ನಾನು ಹತ್ತಿದ್ದೇನೆ ಎಂದೇ ನಂಬಿ ಮದ್ದೂರಿನವರೆಗೆ ಬಂದಿತ್ತು.

"ಒಬ್ಬ ಎತ್ತಾಕಕ್ಕೆ ಬಂದಿದ್ದ. ಕೈ ಮುರೀತೀನಿ ಕಣ್ಲಾ ಅಂದೆ," ಎಂದರು ಅಜ್ಜಿ. ಆ ಒಬ್ಬ ಯಾರೆಂದು ಹೇಳಬೇಕಾಗಿರಲಿಲ್ಲ, ಎರಡು ಸೀಟು ಹಿಂದೆ ಒಬ್ಬಾತ ತಕ್ಷಣ ಕಿಟಕಿಯಾಚೆ ನೋಡತೊಡಗಿದ.

ನಾನು ನಕ್ಕೆ. ಜೊತೆಗಿದ್ದವರೂ ನಕ್ಕರು. ನಗುತ್ತಲೇ ಕೇಳಿದೆ, "ಅಲ್ಲಾ ಅಜ್ಜಿ, ಖಾಲಿ ಸೀಟು ಪಕ್ಕದಲ್ಲೇ ಇತ್ತಲ್ಲ, ನೀವಾದ್ರೂ ಕೂತ್ಕೋಬಾರ್ದಿತ್ತಾ?"

"ನೀನ್ ಇಡ್ದಿರೋ ಸೀಟು ಕಣವ್ವ. ನಾನ್ ಎಂಗ್ ಕೂರ್ಲಿ?"

ಅವರು ಬೆಳಗ್ಗೆಯೇ ಮನೆ ಬಿಟ್ಟು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಿ, ಬಿತ್ತನೆ ರಾಗಿಗೆ ಸಂಜೆಯವರೆಗೆ ಸಾಲಿನಲ್ಲಿ ನಿಂತು, ಮೂಟೆ ಹೊತ್ತು ಬಂದವರು. ಮಂಡ್ಯದಿಂದ ಮದ್ದೂರಿನವರೆಗೆ ಒಂದು ಚೀಲಕ್ಕೆ ಕಾವಲು ನಿಂತಿದ್ದರು. ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಾಯಿಸುತ್ತಿದ್ದದ್ದು ಆಗ ಕಣ್ಣಿಗೆ ಬಿತ್ತು. ನನಗೆ ನಾಚಿಕೆಯಾಯಿತು. ಕೂತುಕೊಳ್ಳಿ ಎಂದೆ, ಒಲ್ಲೆ ಎಂದರು. ನೀನು ಕೂರು, ನೀವು ಕೂರಿ ಎಂದು ಇಬ್ಬರೂ ಜಗಳವಾಡಿದೆವು. ಕೊನೆಗೆ ಕಂಡಕ್ಟರು ಬಂದು, "ಯಾರಾರ ಒಬ್ರು ಕೂತ್ಕಳಿ, ಇಲ್ದಿದ್ರೆ ನಾನೇ ಕೂತ್ಕತೀನಿ" ಎಂದ ಮೇಲೆ ಅಜ್ಜಿ ಕೂತರು. ಲ್ಯಾಪ್‌ಟಾಪನ್ನು ತಮ್ಮ ಮಡಿಲಿಗೆ ಹಾಕಿಕೊಂಡು, ನನ್ನ ಕೈಯಿಂದ ಡಬ್ಬಿ ಚೀಲವನ್ನೂ ಕಿತ್ತುಕೊಂಡರು. ನಾನು ಅವರ ಪಕ್ಕ ಕಂಬಿ ಹಿಡಿದು ನಿಂತೆ. ಹೊರಗೆ ಗೆಳೆಯ ಕಿಟಕಿಯತ್ತ ಕೈಯೆತ್ತಿ ಕೇಳಿದ, ನಾನು ಅಜ್ಜಿಯ ಮಡಿಲು ತೋರಿಸಿದೆ. ಅವನು ಆ ಗಿರಾಕಿಯ ಮೊಪೆಡ್ಡಿಗೆ ಮುತ್ತು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವನು ಇಲ್ಲ ಎನ್ನುತ್ತಾನೆ.

ಬಸ್ಸು ಮಳವಳ್ಳಿ ರಸ್ತೆಗೆ ತಿರುಗಿತು. ನಾನು ಬೆಳಗಿಂದ ಓಡುತ್ತಿದ್ದ ಲ್ಯಾಪ್‌ಟಾಪನ್ನು ಆರಿಸದೆ ಹಾಗೇ ಮುಚ್ಚಿ ಚೀಲಕ್ಕೆ ಹಾಕಿದ್ದೆ. ಅಜ್ಜಿ ಅದರ ಮೇಲೆ ಅಂಗೈ ಇಟ್ಟು ನೋಡಿದರು.

"ಇದ್ಯಾಕವ್ವ ಇಂಗೆ ಬಿಸಿಯಾಗೈತೆ? ಮಗೀಗೆ ಜ್ವರ ಬಂದಂಗೆ?"

"ಕೆಲ್ಸ ಮಾಡ್ತಾ ಇದೆ ಅಜ್ಜಿ. ಡೈರಿ ಮಿಷಿನ್ನಿಗೆ ನಾವೇ ಬರೆಯೋದು. ಹಾಲು ಅಳೀತದಲ್ಲ, ಅದಕ್ಕೆ."

ನಾನು ಹೆಮ್ಮೆಯಿಂದ ಹೇಳಿದ್ದು. ಅಜ್ಜಿಯ ಮುಖ ಗಂಟಾಯಿತು.

"ನಿಮ್ದೇನಾ ಅದು? ನಮ್ಮ ಆಲಿಗೆ ದಿನಾ ನೀರು ನೀರು ಅಂತದಲ್ಲ, ಆ ಹಾಳ್ ಮಿಷಿನ್ನು?"

ಅಲ್ಲಿಂದ ಶುರು. ಮಡಿಲಲ್ಲಿದ್ದ ಲ್ಯಾಪ್‌ಟಾಪನ್ನು ಜ್ವರದ ಕೂಸಿನ ಹಾಗೆ ತಟ್ಟುತ್ತಲೇ ನನ್ನನ್ನು ಹಿಗ್ಗಾಮುಗ್ಗ ಬೈದರು. ದಿನಾ ನಸುಕಿನಲ್ಲಿ ಎದ್ದು, ಊರಿಗೆಲ್ಲ ಮೊದಲು ಡೈರಿಗೆ ಹೋಗುವವರು ಅವರೇ. ಮೊದಲು ಹೋದ ದಿನವೆಲ್ಲ ಯಂತ್ರ ನೀರಿದೆ ಎನ್ನುತ್ತದೆ. ಯಾವತ್ತಾದರೂ ತಡವಾಗಿ, ನಾಲ್ಕು ಜನರ ಹಿಂದೆ ನಿಂತರೆ ಸುಮ್ಮನಿರುತ್ತದೆ. "ಎಲ್ರು ಮುಂದೂ ಕಳ್ಳಿ ಅನ್ನಿಸ್ತದೆ ಕಣವ್ವ. ನಲವತ್ ವರ್ಷ ಆಲು ಕರ್ದಿವ್ನಿ. ಒಂದ್ ತೊಟ್ಟು ನೀರು ಆಕ್ನಿಲ್ಲ." ಬೈಯುವಾಗ ಗಟ್ಟಿಯಿದ್ದ ದನಿ ಇಲ್ಲಿ ಇಳಿದುಹೋಯಿತು.

ಇಂಥ ದೂರುಗಳು ನಮ್ಮ ಆಫೀಸಿಗೆ ವಾರಕ್ಕೆರಡು ಬರುತ್ತಿದ್ದವು. ಯಜಮಾನರು ಓದಿ, "ನೀರ್ ಆಕ್ದೋರು ಇನ್ನೇನ್ ಯೋಳಾರು" ಎಂದು ಪಕ್ಕಕ್ಕಿಡುತ್ತಿದ್ದರು. ನಾವೂ ಹೌದು ಹೌದು ಎಂದು ನಗುತ್ತಿದ್ದೆವು. ಅವತ್ತು ಆ ಕಂಬಿ ಹಿಡಿದು ನಿಂತಾಗ ಮಾತ್ರ ಹಾಗೆನ್ನಲು ಬಾಯಿ ಬರಲಿಲ್ಲ. ಇನ್ನೊಬ್ಬರು ಹಿಡಿದ ಸೀಟಿನಲ್ಲಿ ಕೂರದ ಹೆಂಗಸು ಹಾಲಿಗೆ ನೀರು ಹಾಕುತ್ತಾರೆಯೇ? ಮಳವಳ್ಳಿಗೆ ಎರಡು ಸ್ಟಾಪು ಮುಂಚೆ ಅವರು ಇಳಿದರು. ಇಳಿಯುವಾಗ ಲ್ಯಾಪ್‌ಟಾಪನ್ನು ನನ್ನ ಕೈಗಿತ್ತು, "ಉಸಾರು, ಎಲ್ಲೆಂದ್ರಲ್ಲಿ ಎಸೀಬ್ಯಾಡ," ಎಂದರು.

ಮನೆಯ ಮುಂದೆ ಎದುರುಮನೆಯಾಕೆ ನನ್ನ ಹೆಗಲ ಮೇಲಿನ ಚೀಲ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಗಂಡ ಟೀ ಇಟ್ಟ. ನಾನು ಮುಖ ತೊಳೆಯುವ ಮೊದಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಅಜ್ಜಿ ಹೇಳಿದ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು, ಮೊದಲು ಹೋದವರಿಗೆ ಮಾತ್ರ ನೀರು. ಅರ್ಧ ಗಂಟೆಯೂ ಬೇಕಾಗಲಿಲ್ಲ. ಡೈರಿಯವರು ರಾತ್ರಿ ಯಂತ್ರದ ಕೊಳವೆಯನ್ನು ನೀರಿನಲ್ಲಿ ತೊಳೆದಿಡುತ್ತಾರೆ. ಬೆಳಗ್ಗೆ ಮೊದಲ ಹಾಲು ಹೋದಾಗ ಕೊಳವೆಯಲ್ಲಿ ಉಳಿದ ನೀರೂ ಸೇರಿ ಅಳತೆಯಾಗುತ್ತದೆ. ಆ ಮೊದಲ ಅಳತೆಯನ್ನು ಬಿಟ್ಟು ಅದೇ ಹಾಲಿನ ಎರಡನೆಯದನ್ನು ಹಿಡಿಯಬೇಕಿತ್ತು. ನಾವು ಬಿಟ್ಟಿರಲಿಲ್ಲ. ಎಲ್ಲ ಊರುಗಳಲ್ಲೂ, ಎಲ್ಲರಿಗಿಂತ ಮೊದಲು ಎದ್ದವರನ್ನೇ ಹುಡುಕಿ ಹುಡುಕಿ ನಮ್ಮ ಸಾಫ್ಟ್‌ವೇರು ಕಳ್ಳರೆನ್ನುತ್ತಿತ್ತು. ಗಂಡ ಎರಡೂ ಲೋಟ ಟೀ ಮತ್ತೆ ತಾನೇ ಕುಡಿದ.

ಬೆಳಗ್ಗೆ ಒಂಬತ್ತಕ್ಕೇ ಆಫೀಸು ಮುಟ್ಟಿದೆ. ರಾತ್ರಿಯೇ ಗೆಳೆಯ ಎಲ್ಲರಿಗೂ ವಿಷಯ ತಿಳಿಸಿಬಿಟ್ಟಿದ್ದ. ಮೆಟ್ಟಿಲ ಮೇಲೆ ಏಳೂ ಜನ ನನ್ನನ್ನು ಸುತ್ತಿಕೊಂಡು ಪ್ರಮಾಣ ಮಾಡಿಸಿಕೊಂಡರು.

"ಬಾಯ್ ಬಿಡಂಗಿಲ್ಲ," ಎಂದಳು ಕೂಸಿನ ತಾಯಿ. "ಲ್ಯಾಪ್‌ಟಾಪ್ ನೆಟ್ಟಗೈತೆ, ಟೈಮಿಗೆ ಬಂದೈತೆ. ಮುಗೀತು."

"ಮುಗೀತು," ಎಂದೆ. ಆಣೆಗೂ ಹಾಗೇ ಅಂದುಕೊಂಡಿದ್ದೆ. ಕೊಳವೆಯ ವಿಷಯ ನಿಧಾನವಾಗಿ, ಬೇರೆ ದಿನ, ಬಸ್ಸಿನ ಸುದ್ದಿ ಎತ್ತದೆ ಹೇಳಿದರಾಯಿತು.

ಯಜಮಾನರ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ನಾಲ್ಕೂ ಮೂಲೆ ತಿರುಗಿಸಿ ನೋಡಿದರು. ಬೆನ್ನು ನೋಡಿದರು, ಹೊಟ್ಟೆ ನೋಡಿದರು. ಒಂದು ಗೀರಿಲ್ಲ. ಮುಖ ಸ್ವಲ್ಪ ಸಡಿಲವಾಯಿತು. ಏನಾದರೂ ಒಂದು ಮಾತಾಡಬೇಕಲ್ಲ ಎಂದು ಕೇಳಿದರು.

"ಬಸ್ಸಲ್ಲಿ ಸೀಟ್ ಸಿಕ್ತಾ?"

ನಾನು ತುಟಿ ಕಚ್ಚಿದೆ. ಗೆಳೆಯ ಹಿಂದಿನಿಂದ ಕೆಮ್ಮಿದ. ನನ್ನ ಹೊಟ್ಟೆಯೊಳಗಿಂದ ಅದು ಮೇಲಕ್ಕೆ ಬರತೊಡಗಿತು, ಮೂಗಿನವರೆಗೆ ಬಂತು, ಇನ್ನು ನನ್ನ ಕೈಯಲ್ಲಿರಲಿಲ್ಲ.

"ಲ್ಯಾಪ್‌ಟಾಪಿಗೆ ಸಿಕ್ತು ಸಾರ್!"

ಆಮೇಲೆ ತಡೆಯುವವರು ಯಾರು? ಎಸೆತ, ಚಮಚ, ಮೊಪೆಡ್ಡು, ಟ್ರ್ಯಾಕ್ಟರಿನ ಪೋಂ, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಹಿಂದೆ ಏಳು ಜನ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಯಜಮಾನರು ನಗಲಿಲ್ಲ, ಬೈಯಲೂ ಇಲ್ಲ. ಅಜ್ಜಿಯ ಹತ್ತಿರ ಬರುವಷ್ಟರಲ್ಲಿ ನನ್ನ ನಗುವೂ ಇಳಿದಿತ್ತು. ಅವರು ನಿಂತೇ ಬಂದದ್ದು ಹೇಳಿದೆ. ದಿನಾ ಮೊದಲು ಡೈರಿಗೆ ಹೋಗುವುದು ಹೇಳಿದೆ. ಕೊಳವೆಯಲ್ಲಿ ಉಳಿಯುವ ನೀರನ್ನೂ ಅಳೆದುಬಿಡುವ ಕೋಡಿನ ಸಾಲುಗಳನ್ನು ಲ್ಯಾಪ್‌ಟಾಪ್ ತೆರೆದು ತೋರಿಸಿದೆ.

ಆ ಭಾಗ ಬರೆದಿದ್ದವರು ಯಜಮಾನರೇ. ಕಂಪನಿ ಶುರುವಾದಾಗ, ನಾವ್ಯಾರೂ ಇಲ್ಲದಾಗ.

ಅವರು ಆ ಸಾಲುಗಳನ್ನು ಎರಡು ಸಲ ಓದಿದರು. "ಮಂಡ್ಯದಿಂದ ಮದ್ದೂರ್‌ಗಂಟ ನಿಂತಿದ್ರಾ?" ಎಂದು ಕೇಳಿದರು.

"ಹೂಂ ಸಾರ್."

"ಯಾರ್ ಚೀಲ ಅಂತ್ಲೂ ಗೊತ್ತಿಲ್ದಂಗೆ?"

"ಹೂಂ."

"ಅವರ್ಗೆ ನಾನು ಕಳ್ಳಿ ಅಂದಿವ್ನಿ," ಎಂದರು. "ಆರು ವರ್ಷ. ದಿನಾ ಬೆಳಿಗ್ಗೆ."

ಯಜಮಾನರು ಸೊಂಟದ ಗೊಂಚಲು ತೆಗೆದು ಬೀರುವಿನ ಬೀಗದ ಕೈಯನ್ನು ಬಳೆಯಿಂದ ಬಿಡಿಸಲು ಹೋದರು. ಉಗುರಿಗೆ ಬರಲಿಲ್ಲ. ಹಲ್ಲಿನಲ್ಲಿ ನೋಡಿದರು, ಆಗಲಿಲ್ಲ. ಕೊನೆಗೆ ಗೆಳೆಯ ಜೇಬಿನಿಂದ ಒಂದು ಸ್ಕ್ರೂಡ್ರೈವರ್ ತೆಗೆದು ಬಿಡಿಸಿಕೊಟ್ಟ. ಯಜಮಾನರು ಆ ಬೀಗದ ಕೈಯನ್ನು ಬೀರುವಿನ ಬಾಗಿಲಿಗೇ ಸಿಕ್ಕಿಸಿ, ಅಲ್ಲೇ ಬಿಟ್ಟು, ಬಂದು ಕೂತರು.

"ಮೊದ್ಲು ಇದನ್ನ ಸರಿ ಮಾಡಿ ಎಲ್ಲಾ ಡೈರಿಗೂ ಕಳ್ಸಿ. ಇವತ್ತೇ. ಆಮೇಲೆ ಯಾರ್ಯಾರು ಯಾವ್ಯಾವ ದಿನ ಮನೇಲಿ ಅಂತ ಬರ್ದು ಕೊಡಿ."

ಕೂಸಿನ ತಾಯಿ ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನಾನು ನನ್ನ ಲ್ಯಾಪ್‌ಟಾಪ್ ಎತ್ತಿಕೊಂಡೆ. ಬಾಗಿಲವರೆಗೆ ಹೋದವಳಿಗೆ ಒಂದು ಅನುಮಾನ ಬಂತು, ತಿರುಗಿ ನಿಂತು ಕೇಳಿದೆ.

"ಸಾರ್, ಬಸ್ಸಲ್ಲಿ ಸೀಟ್ ಸಿಗ್ದಿದ್ರೆ ಇದನ್ನ ಏನ್ ಮಾಡ್ಲಿ?"

"ಕೂತಿರೋರ ಕೈಗೆ ಕೊಡು."

"ಯಾರ ಕೈಗೆ ಸಾರ್?"

ಅವರು ಪರದೆಯಿಂದ ತಲೆ ಎತ್ತಲಿಲ್ಲ. "ಯಾರಾರ ಆಗ್ಲಿ ಬುಡಮ್ಮ," ಎಂದರು.